ಟಿಕೆಟ್ಟಿನಷ್ಟು ಸಂದು

ಹಗಲೆಲ್ಲ ಆಟೋ ಕಾಂಪ್ಲೆಕ್ಸಿನ ಹೊಂಡದಲ್ಲಿ ನಿಂತು
ಹತ್ತು ಗಾಲಿಯ ಲಾರಿಗಳ ಅಡಿಹೊಟ್ಟೆ ನೋಡುತ್ತೇನೆ.
ಜಲ್ಲಿ ಹೊತ್ತು ಹೊತ್ತು ಕಾಲು ಸೊಟ್ಟಗಾದವು,
ಹೊಳೆಹೊನ್ನೂರು ರಸ್ತೆಯ ಗುಂಡಿಗೆ ಒಂದು ಭುಜ ಕೊಟ್ಟು ಬಂದವು.
ಎಳೆದು, ತಟ್ಟಿ, ನೆಟ್ಟಗೆ ಮಾಡಿ ಕಳಿಸುತ್ತೇನೆ.

ರಾತ್ರಿ ಒಂಬತ್ತಕ್ಕೆ ಷಟರ್ ಅರ್ಧ ಎಳೆದ ಮೇಲೆ
ಮೇಜಿಗೆ ಹಳೇ ಟವೆಲ್ಲು ಹಾಸಿ
ಇದನ್ನು ಮಲಗಿಸುತ್ತೇನೆ:
ಮೊಳಕ್ಕೆ ಎರಡು ಬೆರಳು ಕಮ್ಮಿ ಮೈ, ಬನ್ನಿನಷ್ಟು ಗಾಲಿ,
ಸ್ಕ್ರೂ ಮಾತ್ರ ನೂರಾ ಹದಿನಾಲ್ಕು.
ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಟಾರ್ಚು.

ಲವೀನಾ ಬರುವುದು ಲ್ಯಾಬಿನ ಪಾಳಿ ಮುಗಿಸಿ.
ಊರಿನ ಅರ್ಧ ಜನರ ಸಕ್ಕರೆ ಅವಳಿಗೆ ಗೊತ್ತು.
ಹೊಸ ಸಿರಿಂಜಿನ ಕವರು ಹರಿದು, ಸೂಜಿ ಬದಿಗಿಟ್ಟು,
ಶಾಕಿನ ಕೊಳವೆಗೆ ಸಿಲಿಕಾನ್ ಎಣ್ಣೆ ತುಂಬಿ
ಉಗುರಿನಿಂದ ಟಕ್ ಎಂದು ತಟ್ಟುತ್ತಾಳೆ.
ಗುಳ್ಳೆ ಏಳುತ್ತದೆ. ಇನ್ನೊಂದು.
ಸಾಸಿವೆಯಷ್ಟು, ಮತ್ತೊಂದು.
"ಮುಚ್ಚಳ ಹಾಕ್ಲಾ?"
"ಅವಸರ ಮಾಡಿದ್ರೆ ರಿಪೋರ್ಟು ತಪ್ಪಾಗುತ್ತೆ."
ಮೇಲಿಂದ ಬಿಟ್ಟರೆ ಬಗ್ಗಿ
ಕೆರೆಗಿಳಿದ ಎಮ್ಮೆಯ ಹಾಗೆ ಕೂರಬೇಕು,
ಕಪ್ಪೆಯ ಹಾಗೆ ನೆಗೆಯಬಾರದು.

ಗೇರು ನನ್ನ ಪಾಲಿನದು.
ಮೋಟರಿನ ಪುಟ್ಟ ಹಲ್ಲು, ಎದುರಿಗೆ ದೊಡ್ಡ ಹಲ್ಲು.
ತೀರ ಒತ್ತಿದರೆ ಕಿರುಚಿ ಕಾಯುತ್ತವೆ,
ದೂರ ಬಿಟ್ಟರೆ ಒಂದನ್ನೊಂದು ಕೆರೆದು ಪುಡಿಯಾಗುತ್ತವೆ.
ಅಳತೆ ಜೇಬಿನಲ್ಲೇ ಇದೆ: ಬಸ್ ಟಿಕೆಟ್ಟು,
ಶಿವಮೊಗ್ಗ–ಆಯನೂರು, ಕ್ವಾರಿ ನೋಡಿ ಬಂದ ದಿನದ್ದು.
ಸೀಳಿ ನಡುವೆ ತೂರಿಸಿ, ಎರಡನ್ನೂ ಕೂಡಿಸಿ ಬಿಗಿದು,
ಮೆಲ್ಲಗೆ ತಿರುಗಿಸಿ ಹೊರಗೆಳೆದರೆ
ಟಿಕೆಟ್ಟಿನಷ್ಟು ಸಂದು
ಉಳಿಯಬೇಕು. ಅಷ್ಟೇ.

ಭಾನುವಾರ. ಕಲ್ಲು ಕೊರೆದು ಬಿಟ್ಟುಹೋದ ಜಂಬಿಟ್ಟಿಗೆ ಕ್ವಾರಿ.
ಏಳು ಗಂಟೆಗೆ ಇಬ್ಬನಿ ಕುಡಿದ ನೆಲ ಚಕ್ಕುಲಿ ಹಿಟ್ಟಿನ ಹದ,
ಮುಳ್ಳಿನ ಟೈರು ಕಚ್ಚಿ ಹಿಡಿಯುತ್ತದೆ.
ಹತ್ತಕ್ಕೆ ಅದೇ ನೆಲ ಚೆಲ್ಲಿದ ಕುಂಕುಮ.
ಹಿಂದಿನ ಗಾಲಿ ಜಾರಿ, ಬಗ್ಗಿ ಗಿರ್ರನೆ ತಿರುಗಿ
ತಾನು ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತದೆ.

ಭದ್ರಾವತಿಯ ಆರೋಕ್ಯಸ್ವಾಮಿಯದು ಗೆರೆ ಎಳೆದಂತೆ ಹೋಯಿತು.
ನಮ್ಮದು ಎಡಕ್ಕೆ ಎಳೆಯಿತು, ಕೂದಲೆಳೆಯಷ್ಟು.
ವ್ಹೀಲ್ ಅಲೈನ್‌ಮೆಂಟ್ ಎಂಬ ಬೋರ್ಡಿನ ಕೆಳಗೆ
ಹೆಸರು ಬರೆಸಿಕೊಂಡವನಿಗೆ ಹೇಗಾಗಬೇಡ?
ಮಂಡಿಯೂರಿ ಅಳೆದೆ. ಎಡ ಎರಡು ಡಿಗ್ರಿ, ಬಲ ಎರಡು.
ತೋಳು ಸರಿ, ಸ್ಪ್ರಿಂಗು ಸರಿ. ಸಮ ಅಂದರೆ ಸಮ.
"ಎಲ್ಲಾ ಬಿಚ್ಚುತ್ತೇನೆ" ಅಂದೆ.
ಅವಳು ಬಗ್ಗಿಯನ್ನು ಸೆರಗಿನಂಚಿಗೆ ಎಳೆದುಕೊಂಡಳು.
"ಇಲ್ಲಿ ಏಳು ತಿರುವು, ಐದು ಎಡಕ್ಕೆ.
ಅದಕ್ಕೆ ಗೊತ್ತಾಗಿದೆ. ನಿಮಗೇ ಗೊತ್ತಾಗಿಲ್ಲ."

ದೂರ ಹೋಗುವಾಗ ಎಡ ಎಂದರೆ ಎಡ.
ತಿರುಗಿ ನಮ್ಮ ಕಡೆಗೇ ಬರುವಾಗ ಎಡ ಎಂದರೆ ಬಲ.
ಎರಡು ವರ್ಷ ಒದ್ದಾಡಿದೆ, ನನಗದು ಒಲಿಯಲಿಲ್ಲ;
ಎದುರಿಗೆ ಬಂದದ್ದನ್ನೆಲ್ಲ ಬಂಡೆಗೆ ಹೊಡೆಸಿದೆ.
ಅವಳ ಬೆರಳು ಯೋಚಿಸುವುದೇ ಇಲ್ಲ.
ತೋಳಿನಲ್ಲಿ ನರ ಹುಡುಕಿದ ಹಾಗೆ
ಧೂಳಿನಲ್ಲಿ ದಾರಿ ಹುಡುಕುತ್ತದೆ.

ಏಳನೇ ಸುತ್ತು. ದಿಬ್ಬ ಹಾರಿ ಬಗ್ಗಿ ಗಾಳಿಯಲ್ಲಿದ್ದಾಗ
ನೂರಾ ಹದಿನಾಲ್ಕೂ ಸ್ಕ್ರೂ ನನ್ನ ಹಲ್ಲಿನ ನಡುವೆ.
ಇಳಿಯಿತು.
ಎಮ್ಮೆ ಕೂತ ಹಾಗೆ.
"ಹಿಂದಿನ ಶಾಕು ಇನ್ನೊಂಚೂರು ಗಟ್ಟಿಯಿರಬೇಕಿತ್ತು" ಅಂದೆ.
ಪುಣ್ಯಕ್ಕೆ ಅವಳಿಗೆ ಕೇಳಿಸಲಿಲ್ಲ.

ಮೂರನೇ ಸ್ಥಾನ. ಒಂದು ಸ್ಟೀಲ್ ಡಬ್ಬಿ.
ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸೋಮವಾರ ನೋಡಬೇಕು.

ವಾಪಸು ಬಸ್ಸಿನಲ್ಲಿ ಬಗ್ಗಿ ಅವಳ ತೊಡೆಯ ಮೇಲೆ,
ಮೂತಿಯ ತುಂಬ ಕೆಂಪು ಧೂಳು.
ಕಂಡಕ್ಟರು ಬಂದಾಗ ದುಡ್ಡಿನ ಜೊತೆ ಜೇಬಿನಿಂದ
ಆ ಟಿಕೆಟ್ಟಿನ ಸೀಳೂ ಹೊರಬಿತ್ತು,
ಆಯನೂರಿನ ಮೇಲೆ ಸಣ್ಣ ಹಲ್ಲಿನ ಸಾಲು.
ಬೆಳಕಿಗೆ ಹಿಡಿದು ನೋಡಿ ಕೇಳಿದ:
"ಯಾವ ಇಲಿ ತಿಂದಿದ್ದು ಇದನ್ನ?"
ಲವೀನಾ ಕಿಟಕಿಯಿಂದ ಮುಖ ತಿರುಗಿಸದೆ
ಎರಡು ಬೆರಳು ಎತ್ತಿದಳು:
"ಶಿವಮೊಗ್ಗ, ಎರಡು."