ಉಸಿರು ಹಿಡೀರಿ

ಮೇಡಂ ಶಹಾಬಾದಿಗೆ ಬಂದಾಗ
ದವಾಖಾನಿಗಿ ಬಾಗಿಲಿತ್ತು, ಚಿಲಕ ಇರಲಿಲ್ಲ.
ಎಕ್ಸ್‌ರೇ ಮಷೀನಿತ್ತು,
ಕರೆಂಟು ಅದರ ಮನಸಿಗಿ ಬಂದಾಗ.
ನಾ ಲಾಡ್ಲೇಸಾಬ, ಕತ್ತಲಕೋಣಿಯವ.
ಕೆಂಪು ಬಲ್ಬಿನ ಕೆಳಗ ಫಿಲ್ಮು ತೊಳದು
ಕೂಸಿನ ಅಂಗಿ ಒಣಗಿಸಿದಂಗ
ಕ್ಲಿಪ್ಪಿಗಿ ತೂಗು ಹಾಕಾವ.

ನಮ್ಮೂರೆಲ್ಲ ಫರಸಿ.
ಮನಿ ಫರಸಿ, ಮೋರಿ ಫರಸಿ,
ಸತ್ತವರ ಹೆಸರು ಬರಿಯೋದೂ ಫರಸಿ ಮ್ಯಾಲೇ.
ಖಣಿಯವರು ಕೆಮ್ಮಿದರ ರುಮಾಲಿನ್ಯಾಗ
ಕಲ್ಲಿನ ಬಣ್ಣ.
"ಉಸಿರು ಹಿಡೀರಿ" ಅಂತ ನಾ ಹೇಳಾವ,
"ಬಿಡ್ರಿ" ಅಂತ ಹೊರಗಿಂದ ಮೇಡಂ.
ಲೈಟಿಲ್ಲದ ದಿನ ಫಿಲ್ಮು ಕಿಡಕಿಗಿ ಹಿಡದು
ಸೂರ್ಯನ ಬೆಳಕಿನ್ಯಾಗ ಓದವರು.
"ಇದು ಪುಪ್ಪಸ ಅಲ್ಲ ಲಾಡ್ಲೇಸಾಬ,
ಖಣಿ ನಕ್ಷಾ."

ಸತ್ತವರ ಫಿಲ್ಮು ಯಾರೂ ಒಯ್ಯಲಿಲ್ಲ.
ಅಂಚಿನ ಮ್ಯಾಲ ಬಿಳಿ ಶಾಯಿಲೆ
ಹೆಸರು, ವಯಸ್ಸು, ಎಷ್ಟು ವರ್ಷ ಕಲ್ಲು ಕೊರದ
ಅಂತ ಬರದು ನನ್ನ ಕೈಗಿ ಕೊಡವರು.
ಎರಡುನೂರಾ ಹನ್ನೆರಡು, ತಗಡಿನ ಪೆಟ್ಟಿಗ್ಯಾಗ.
ಕಲಬುರಗಿಗಿ ಬರದರು, ಬೆಂಗಳೂರಿಗಿ ಬರದರು.
ಒಂದು ಮಳಿಗಾಲ ಹೋಯ್ತು, ಇನ್ನೊಂದು ಹೋಯ್ತು.
"ಕಾಗದಕ್ಕ ಕಾಲಿಲ್ಲ" ಅಂದರು ಒಂದಿನ
ಕೈ ತೊಳಕೋತ, "ನಾನೇ ಹೋಗ್ತೀನಿ."

ಆ ಎಲೆಕ್ಷನ್ನು ಕೇಳಬ್ಯಾಡ್ರಿ.
ಓಟು ಕೇಳಲಾಕ ಹೋದಲ್ಲೆಲ್ಲ
ಮಂದಿ ನಾಲಿಗಿ ಚಾಚಿ ನಿಂದರವರು!
ಒಬ್ಬಾಕಿ ಮುದುಕಿಗಿ ಮೇಡಂ
ಮೈಕು ನನ್ನ ಕೈಯಾಗ ಇಟ್ಟು
ಜೀಪಿನ ಬಾನೆಟ್ಟಿನ ಮ್ಯಾಲ ಗುಳಗಿ ಬರದು ಕೊಟ್ಟರು.
ಭಾಷಣನೂ ಚೀಟಿಯಂಗೇ,
ಮೂರು ಮಾತು, ದಿನಕ್ಕ ಎರಡು ಸಲ.
ಗೆದ್ದರು.
ವಾಡಿ ಜಂಕ್ಷನ್ನಿನ್ಯಾಗ ರೈಲು ಏರಿಸಿ ಬಂದೆ.
ದಿಲ್ಲಿಯವರು ಅವರ "ನಕ್ಕೋ" ಕೇಳಿ ನಕ್ಕರಂತ.
ಆಮ್ಯಾಲ ನಗಲಿಲ್ಲ.

ಮತ್ತೊಮ್ಮೆ ಗೆದ್ದರು. ಮೂರನೇ ಸಲಕ್ಕ ಮಂತ್ರಿ.
ಸುಳ್ಳ್ಯಾಕ ಹೇಳಲಿ,
ಅವರ ಫಂಡಿನಿಂದಲೇ ಹೊಸ ಮಷೀನು ಬಂತು,
ಚಿತ್ರ ಕಂಪ್ಯೂಟರಿನ್ಯಾಗೇ ಬರ್ತದ.
ಕತ್ತಲಕೋಣಿಯಾಗ ಈಗ ಫಿನಾಯಿಲ್ ಡಬ್ಬಿ ಇಡ್ತಾರ,
ನಾನೂ ರಿಟೈರು.

ಸಂಸತ್ತಿನ್ಯಾಗ ಯಾವನೋ ಒಬ್ಬ ಕೇಳಿದ,
ಕಲ್ಲಿನ ಧೂಳಿಗಿ ಸತ್ತವರು ಎಷ್ಟು ಮಂದಿ ಅಂತ.
ನಾ ಸ್ಟೇಷನ್ ಎದುರಿನ ಹೋಟೆಲಿನ್ಯಾಗ
ಸುಸಲಾ ತಿನ್ಕೋತ ಟಿವಿ ನೋಡ್ಲಾಕತ್ತಿದ್ದೆ.
ಮೇಡಂ ಎದ್ದರು, ಕನ್ನಡಕ ಏರಿಸಿದರು.
"ಈ ಬಗ್ಗೆ ಲೆಕ್ಕ ನಮ್ಮ ಬಳಿ" ಅಂದು
ಒಂದೀಟು ನಿಂತು,
"ಇಲ್ಲ" ಅಂದರು.
ಆ ಒಂದೀಟು ನನಗ ಗೊತ್ತದ.
ಮೂವತ್ತು ವರ್ಷ ಅದನ್ನೇ ಎಣಿಸೀನಿ,
ಒಂದು ಎಕ್ಸ್‌ರೇ ಆಗುವಷ್ಟು.

ಹ್ವಾದ ತಿಂಗಳ ಬಂದಿದ್ದರು, ಗೆಸ್ಟ್ ಹೌಸಿಗಿ.
ಹಾರದ ಮಂದಿ, ಅರ್ಜಿ ಮಂದಿ, ಪೊಲೀಸರು.
ನನ್ನ ಕೈ ಹಿಡದರು.
ಬೊಟ್ಟು ತಾವಾಗೇ ಮಣಿಕಟ್ಟಿಗಿ ಸರದು ನಿಂತವು.
"ಜೋರಾಗ್ಯದಲ್ಲೋ ಲಾಡ್ಲೇಸಾಬ."
"ಪೆಟ್ಟಿಗಿ ತಂದೀನ್ರಿ" ಅಂದೆ.

ಪಿ.ಎ. ಹೇಳಿದ, ವಿಮಾನಕ್ಕ ಹೊತ್ತಾಯ್ತು.
ಮೇಡಂ ಕುಂತಲ್ಲೇ ಒಂದು ಫಿಲ್ಮು ಎತ್ತಿ
ಕಿಡಕಿಗಿ ಹಿಡದರು.
ಭೀಮಶ್ಯಾ. ಮೂವತ್ನಾಕು. ಖಣಿ ಹದಿನಾರು ವರ್ಷ.
ಅಕ್ಷರ ಅವರವೇ, ಬಿಳಿ ಶಾಯಿ ಹಳದಿ ಆಗ್ಯದ.
ಅವನ ಪಕ್ಕಿ ಎಲುಬು
ಅವರ ರೇಷ್ಮಿ ಸೀರಿ ಮ್ಯಾಲ ನೆರಳು ಬಿದ್ದಿತ್ತು.
ನನಗೇನಾಯ್ತೋ, ಹಳೇ ಚಟ,
"ಉಸಿರು ಹಿಡೀರಿ" ಅಂದುಬಿಟ್ಟೆ.
ಹಿಡದರು.

"ಬಿಡ್ರಿ" ಅನ್ನೋದು ನನ್ನ ಕೆಲಸ ಅಲ್ಲ.

ಕಾರು ಹೋದ ಮ್ಯಾಲ ಎಣಿಸಿದೆ,
ಎರಡುನೂರಾ ಹನ್ನೊಂದು.
ಒಂದನ್ನ ಒಯ್ದಾರ, ಇಲ್ಲಾ
ಗದ್ದಲದಾಗ ಎಲ್ಲೋ ಬಿದ್ದದ.
ಸೈಕಲ್ಲಿಗಿ ಕಟ್ಟಿ ಮನಿಗಿ ತಂದೆ.
ಪೆಟ್ಟಿಗಿ ತೂಕ ಮಾತ್ರ
ಎಷ್ಟಿತ್ತೋ ಅಷ್ಟೇ ಅದ.