ತೂತು ಗೂಡು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ
ಹನ್ನೆರಡು ಬೇಸಿನ್ನಿನ ಫಿಲೇಚರು.
ನನಗಾಗ ಹನ್ನೊಂದು ವರ್ಷ. ಅಮ್ಮನ ಜೊತೆ ಹೋಗಿ
ಹೊಟ್ಟಿನ ಮೂಟೆಯ ಮೇಲೆ ಕೂತು
ಶಾಲೆಯ ಬೀರುವಿನಿಂದ ತಂದ ರಟ್ಟು ಹರಿದ ಪುಸ್ತಕ
ರಾಟೆಯ ಸದ್ದಿಗಿಂತ ಒಂದು ಗೇಣು ಮೇಲೆ
ಕೂಗಿ ಓದುತ್ತಿದ್ದೆ:
ಲೋಕದ ದೆವ್ವಗಳ ಕತೆ.

"ಇನ್ನೂ ಜೋರಾಗಿ ಓದು ಮೇ," ಅನ್ನುತ್ತಿದ್ದಳು ಖೈರುನ್‌ಬಿ,
"ಆವಿ ಕಿವಿಗೂ ತುಂಬ್ಕೊಂಡೈತೆ ನಂಗೆ."

ಹಿಮದ ದೇಶದಲ್ಲಿ ಗೋರಿಯಿಂದ ಎದ್ದು ಬರುತ್ತಾನಂತೆ ಒಬ್ಬ,
ಕೆನ್ನೆ ಕೆಂಪು, ಉಗುರು ಉದ್ದ, ರಕ್ತದ ದಾಹ.
ದಾರಿಯಲ್ಲಿ ಒಂದು ಹಿಡಿ ಕಾಳು ಚೆಲ್ಲಿದರೆ ಸಾಕು,
ಎಣಿಸಿ ಮುಗಿಸದೆ ಮುಂದಕ್ಕೆ ಹೆಜ್ಜೆ ಇಡಲಾರ.
ಎಣಿಸುತ್ತಿರುವಾಗಲೇ ಕೋಳಿ ಕೂಗುತ್ತದೆ.
"ಈ ಕಡೆ ಬರ್ಲಿ, ರಾಗಿ ಚೆಲ್ತೀನಿ," ಅಂದಳು ನಾರೆಮ್ಮ,
"ಯುಗಾದೀಲಿ ಶುರು ಮಾಡಿದ್ರೆ ಸಂಕ್ರಾಂತಿಗೂ ಮುಗಿಯಾಕಿಲ್ಲ.
ಪಾಪ, ಯಾರೋ ಸೊಸೈಟಿ ಗುಮಾಸ್ತ ಸತ್ತಿರ್ಬೇಕು."

ಕಬ್ಬು ಬೆಳೆಯುವ ದ್ವೀಪಗಳಲ್ಲಿ ಒಬ್ಬ ಮುದುಕಿ.
ಕತ್ತಲಾದ ಮೇಲೆ ಚರ್ಮ ಕಳಚಿ, ಮಡಿಸಿ, ಒರಳಲ್ಲಿ ಬಚ್ಚಿಟ್ಟು
ಬೆಂಕಿಯ ಉಂಡೆಯಾಗಿ ಹಾರುತ್ತಾಳೆ.
ಊರವರು ಹುಡುಕಿ ಆ ಚರ್ಮಕ್ಕೆ ಉಪ್ಪು ಸವರುತ್ತಾರೆ,
ಮೆಣಸು ಅರೆದು ತಿಕ್ಕುತ್ತಾರೆ.
ಬೆಳಗಿನ ಜಾವ ಬಂದವಳನ್ನು
ಅವಳದೇ ಚರ್ಮ ಒಳಗೆ ಬಿಡುವುದಿಲ್ಲ.

ಯಾರೂ ನಗಲಿಲ್ಲ.
ದಿನವಿಡೀ ಕುದಿನೀರಲ್ಲಿ ಎಳೆಯ ತುದಿ ತಡಕಿದ ಬೆರಳುಗಳು
ಬೆಳ್ಳಗೆ ಬೆಂದು ಸಿಪ್ಪೆ ಎದ್ದಿದ್ದವು.
ಮಧ್ಯಾಹ್ನದ ಮುದ್ದೆಗೆ ಉಪ್ಪಿನಕಾಯಿ ಮುಟ್ಟಿದರೆ
ಅಮ್ಮ ಕೈ ಒದರಿ ಊದಿಕೊಳ್ಳುತ್ತಿದ್ದಳು.
"ಆ ಮುದುಕಿ ಹೆಸರೇನು?" ಕೇಳಿದಳು.
ಪುಸ್ತಕದಲ್ಲಿ ಇರಲಿಲ್ಲ.

ನಮ್ಮ ಬಾಗಿಲುಗಳ ಮೇಲೂ ಇತ್ತಲ್ಲ, ಸುಣ್ಣದಲ್ಲಿ ಬರೆದದ್ದು: ನಾಳೆ ಬಾ.
ದಯ್ಯ ಬರುತ್ತದೆ, ಓದುತ್ತದೆ, ಮರಳುತ್ತದೆ,
ಮಾರನೆಯ ದಿನ ಮತ್ತೆ ಬಂದು ಓದುತ್ತದೆ.
ಅಕ್ಷರ ಬಲ್ಲ ದಯ್ಯ. ಹೇಳಿದ ಮಾತು ನಂಬುವ ದಯ್ಯ.
ಶನಿವಾರ ಕೂಲಿಗೆ ಸಾಲು ನಿಂತಾಗ
ಸಾಹುಕಾರನ ಬಾಯಲ್ಲೂ ಅದೇ: "ನಾಳೆ ಬಾ."
"ಹಂಗಾದ್ರೆ ದಯ್ಯಗೋಳು ನಾವೇ ಬಿಡು," ಅಂದಳು ಖೈರುನ್‌ಬಿ,
ಕಾಲು ಮುಂದೆ ಚಾಚಿ, ಪಾದ ಹಿಂದುಮುಂದಾಗಿದೆಯೇ ನೋಡಿಕೊಂಡು.

ಕೊನೆಯ ಕತೆ ಕಡಲಿನದು. ನಮ್ಮಲ್ಲಿ ಯಾರೂ ಕಡಲು ಕಂಡಿರಲಿಲ್ಲ.
ಸೀಲ್ ಅಂತ ಒಂದು ಪ್ರಾಣಿ; ದಂಡೆಗೆ ಬಂದು
ತೊಗಲು ಬಿಚ್ಚಿಟ್ಟರೆ, ಹೆಣ್ಣು.
ಬೆಸ್ತನೊಬ್ಬ ಆ ತೊಗಲು ಕದ್ದು ಅಟ್ಟದಲ್ಲಿ ಇಟ್ಟ.
ಅವಳು ಅವನ ಮನೆ ನಡೆಸಿದಳು, ಮೂರು ಹೆತ್ತಳು.
ಒಂದು ದಿನ ಮಗು ಅಟ್ಟದಿಂದ ಇಳಿದು
"ಅಮ್ಮಾ, ಇದೇನು ಇಷ್ಟು ಮೆತ್ತಗೆ?" ಅಂದಿತು.
ಅಷ್ಟೇ. ಹೊರಟಳು. ಒಲೆಯ ಮೇಲೆ ಹಾಲು ಇಟ್ಟಿದ್ದು ಇಟ್ಟ ಹಾಗೆ.

ರಾಟೆಗಳು ನಿಂತವು.
"ಹಾಲು ಉಕ್ತಾ?" ಕೇಳಿದಳು ನಾರೆಮ್ಮ.
"ಮಕ್ಕಳು?" ಕೇಳಿದಳು ಖೈರುನ್‌ಬಿ.
ಅಮ್ಮ ಏನನ್ನೂ ಕೇಳಲಿಲ್ಲ.

ಹುಳುವಿನ ವಿಷಯ ನನಗೆ ಗೊತ್ತಿತ್ತು.
ನಾಲ್ಕು ಸಲ ಜ್ವರಕ್ಕೆ ಮಲಗಿ, ನಾಲ್ಕು ತೊಗಲು ಕಳಚಿ,
ಹಣ್ಣಾಗಿ, ತನ್ನ ಸುತ್ತ ತಾನೇ
ಬಾಗಿಲಿಲ್ಲದ ಮನೆ ಕಟ್ಟುತ್ತದೆ.
ರೆಕ್ಕೆ ಮೂಡುವ ಮೊದಲೇ ನಾವು ಕುದಿಸುತ್ತೇವೆ.
ಎಲ್ಲೋ ಒಂದು, ಒಲೆಯ ಲೆಕ್ಕ ತಪ್ಪಿಸಿ,
ಎಂಜಲಿನಿಂದ ಗೋಡೆ ನೆನೆಸಿ,
ಸುಕ್ಕು ರೆಕ್ಕೆ ಎಳೆದುಕೊಂಡು ಆಚೆ ಬಂದುಬಿಡುತ್ತದೆ.
ಅದರ ಗೂಡಿಗೆ ತೂತು ಗೂಡು ಅನ್ನುತ್ತಾರೆ.
ಎಳೆ ಬರುವುದಿಲ್ಲ ಅದರಿಂದ. ತೂಕಕ್ಕೂ ಹಾಕುವುದಿಲ್ಲ.

ಆವತ್ತು ಕಸದ ಬುಟ್ಟಿಯಿಂದ ಅಂಥದೊಂದನ್ನು ಆರಿಸಿ
ಅಮ್ಮ ಸೆರಗಿನ ತುದಿಗೆ ಕಟ್ಟಿಕೊಂಡಳು.
ರಾತ್ರಿ, ನಾನು ಮಲಗಿದ್ದೇನೆ ಅಂದುಕೊಂಡು,
ಸ್ಟೂಲು ಹತ್ತಿ ಅಟ್ಟದ ಮೇಲೆ ಇಟ್ಟಳು.

ಆ ಅಟ್ಟಕ್ಕೆ ನಾನು ಕೈ ಹಾಕಿಲ್ಲ.
ಇದೇನು ಎಂದು
ಇವತ್ತಿನವರೆಗೂ ಕೇಳಿಲ್ಲ.