ಗಾಳ

ಕಂಪ್ಯೂಟರಿಗೆ ಉಪ್ಪುಗಾಳಿ ಹಿಡಿದ ಮೇಲೆ
ಬೈತಖೋಲದ ನನ್ನ ಸ್ಟಿಕರ್ ಅಂಗಡಿ
ಅಂಗೈಯಗಲದ ಫೋನಿಗೆ ಇಳಿದಿದೆ.

ಹಿಗ್ಗಿಸಿ ನೋಡಲು ಎರಡು ಬೆರಳು ಬೇಕು.
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕತ್ತರಿ.
ಮೂಲೆಯ ಕೂಡಿಸುವ ಗುರುತೋ
ಶೆಟ್ಲಿಯ ಕಣ್ಣಿನಷ್ಟು;
ಒತ್ತಹೋದರೆ ಪಕ್ಕದ ಕಸದ ಡಬ್ಬಿ ಬಾಯಿ ತೆರೆಯುತ್ತದೆ.

ಮೊನ್ನೆ ಹೊಸ ಆವೃತ್ತಿ ಬಂತು.
ಬಲ ಅಂಚಿಗೆ ಒಂದು ಪಟ್ಟಿ, ಹೆಬ್ಬೆರಳೊಂದೇ ಸಾಕು,
ಮೇಲೆ ಸವರಿದರೆ ದೊಡ್ಡದು, ಕೆಳಗೆ ಸವರಿದರೆ ಸಣ್ಣದು.
ಕೆಳಗೆ ಯಾರು ಸವರುತ್ತಾರೆ!
ಪುರ್ಸೋ ತಾಂಡೇಲರ ಬೋಟಿನ ಹೆಸರನ್ನು
ಎಂಟು ಪಟ್ಟು ಏರಿಸಿಕೊಂಡು
'ದು'ವಿನ ಕೊಂಬು ತಿದ್ದಿದೆ,
'ಗಾ'ದ ಬೆನ್ನು ನುಣುಪು ಮಾಡಿದೆ,
ಕೂದಲೆಳೆಯ ಸೊಟ್ಟವನ್ನೂ ಬಿಡಲಿಲ್ಲ
ರಾತ್ರಿ ಹನ್ನೊಂದರ ತನಕ.

ಬೆಳಿಗ್ಗೆ ಧಕ್ಕೆಯಲ್ಲಿ, ಕ್ಯಾಬಿನ್ನಿಗೆ ಅಂಟಿಸಿ ನಿಂತೆ.
ಓದು ಬಾರದ ತಾಂಡೇಲರು
ಹಿಂದೆ ಹಿಂದೆ ನಡೆದರು,
ಐಸಿನ ಪೆಟ್ಟಿಗೆ ದಾಟಿ, ಬಲೆಯ ರಾಶಿ ದಾಟಿ,
ಹಣೆಗೆ ಕೈ ಅಡ್ಡ ಹಿಡಿದರು.

"ಚಂದ ಅದೆ. ಆದ್ರೆ ಹಳೇದ್ರಲ್ಲಿ
ನಡೂಮಧ್ಯ ಒಂದು ಗಾಳ ಇತ್ತಲ್ಲ ತಂಗಿ,
ಅದೆಲ್ಲಿ ಹೋಯ್ತು?"

ನಾನೂ ಹಿಂದೆ ಸರಿದೆ, ಒಂದೊಂದೇ ಹೆಜ್ಜೆ.
ದುಗಾ ಪ್ರಸಾದ.
ಅರ್ಕಾವತ್ತೇ ಇಲ್ಲ.

ಅವರು ಕಿವಿಯ ಮೇಲಿನ ಬೀಡಿ ತೆಗೆದು ಹಚ್ಚಿದರು.
ಮಿಕ್ಕ ಚೂರಿನಲ್ಲಿ ಕಣ್ಣಳತೆಗೇ
ಒಂದು ಗಾಳ ಕತ್ತರಿಸಿ ಅಂಟಿಸಿದೆ.
ತುಸು ವಾಲಿದೆ.
"ಇರ್ಲಿ ಬಿಡು," ಎಂದರು,
"ಇಸ್ವಾಣ ಬಿದ್ರೆ
ನೆಟ್ಟಗೆ ನಿಲ್ತದೆ."